ಕಿವಿ ಮೇಸ್ತ್ರಿ ಮತ್ತು ಮೂರನೆಯ ಸಿಲಿಂಡರ್

ಬಾನೆಟ್ಟಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ಸದ್ದು ಕೇಳಿಯೇ ಇಂಜಿನ್ನಿನ ಕಾಯಿಲೆ ಹೇಳುತ್ತಿದ್ದುದರಿಂದ ಅವನಿಗೆ ಕಿವಿ ಮೇಸ್ತ್ರಿ ಎಂಬ ಹೆಸರು ಬಂದಿತ್ತು. ಹದಿನೆಂಟು ವರ್ಷ ಆ ಗ್ಯಾರೇಜಿನಲ್ಲಿ ಅವನದೇ ಕೊನೆಯ ಮಾತು. ಆಮೇಲೆ ತಂಗಿ ಕೆಲಸಕ್ಕೆ ಬಂದಳು. ಹದಿನಾಲ್ಕು ವರ್ಷ ಚಿಕ್ಕವಳು. ಸ್ಪ್ಯಾನರ್ ಹಿಡಿಯಲು ಅವನೇ ಕಲಿಸಿ, ಅವನೇ ಹಟ ಹಿಡಿದು ಡಿಪ್ಲೊಮಾ ಓದಿಸಿದವಳು. ಬರುವಾಗ, ಗಾಡಿಗೆ ಸಿಕ್ಕಿಸಿದರೆ ದೋಷದ ಕೋಡ್ ತೋರಿಸುವ ಅಂಗೈಯಗಲದ ಸ್ಕ್ಯಾನರ್ ತಂದಳು. ಎರಡೇ ವರ್ಷದಲ್ಲಿ ಗಿರಾಕಿಗಳು ಅವನ ಭುಜದಾಚೆ ಇಣುಕಿ, “ತಂಗಿ ಇಲ್ವಾ?” ಎನ್ನತೊಡಗಿದರು. ಅವನು ಬಾಯಿಬಿಟ್ಟು ಉತ್ತರ ಹೇಳುವುದನ್ನೇ ನಿಲ್ಲಿಸಿದ; ಗದ್ದವೆತ್ತಿ ದಿಕ್ಕು ತೋರಿಸುತ್ತಿದ್ದ.

ಆ ದಿನ ಬಂದದ್ದು ಹಲ್ಲಿನ ಡಾಕ್ಟರಮ್ಮನ ಏಳು ಸೀಟಿನ ಎಸ್‌ಯುವಿ.

“ಇಂಜಿನ್ ಲೈಟ್ ಮಿಣುಕ್ತಿದೆ. ಏರು ಹತ್ತುವಾಗ ಜಗ್ಗತ್ತೆ. ಮಕ್ಕಳಿಗೆ ಕುದುರೆ ಸವಾರಿ, ನನಗೆ ಪ್ರಾಣಸಂಕಟ.”

ತಂಗಿ ಸ್ಕ್ಯಾನರ್ ಸಿಕ್ಕಿಸಿದಳು. ಮೂರನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದು ಕೋಡ್ ಬಂತು.

“ಅದು ನನಗೆ ಗೇಟಲ್ಲೇ ಕೇಳಿಸ್ತು,” ಎಂದ ಅಣ್ಣ.

“ಹೇಳ್ಬೇಕಿತ್ತಲ್ಲ ಅಣ್ಣ?”

“ನನ್ನ ಯಾರು ಕೇಳಿದ್ರು?”

ಕೋಡ್ ಎಲ್ಲಿ ಎಂದಷ್ಟೇ ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಕಿಡಿ ಹಾರದಿರಬಹುದು, ಪೆಟ್ರೋಲ್ ಬೀಳದಿರಬಹುದು, ಒಳಗೆ ವಾಲ್ವ್ ಸುಟ್ಟಿರಬಹುದು. ತಂಗಿ ಪ್ಲಗ್ ನೋಡಿದಳು, ಚೆನ್ನಾಗಿತ್ತು. ಇನ್ನೇನೋ ಮಾಡಿ ಊಟಕ್ಕೆ ಹೋದಳು.

ಅವನು ಅತ್ತಿತ್ತ ನೋಡಿ ಬಾನೆಟ್ ಎತ್ತಿದ. ಕಿಡಿ ಹಾರಿಸುವ ಕಾಯಿಲ್‌ಗಳಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿದ. ಕೋಡ್ ಎರಡಕ್ಕೆ ಸರಿದರೆ ಕೆಟ್ಟಿರುವುದು ಕಾಯಿಲ್ಲೇ. ಗಾಡಿ ಓಡಿಸಿ ನೋಡಿ, ತಂಗಿಗಿಂತ ಮೊದಲು, ಹೊರಗೆ ಕಾಯುತ್ತಿದ್ದ ಡಾಕ್ಟರಮ್ಮನಿಗೆ ತಾನೇ ಹೇಳಬೇಕು. ಆದರೆ ಬಾನೆಟ್ ಮುಚ್ಚುವಷ್ಟರಲ್ಲಿ ತಂಗಿ ಕೈ ಒರೆಸಿಕೊಳ್ಳುತ್ತಾ ಬಂದು ತಾನೇ ಓಡಿಸಿಕೊಂಡು ಹೋದಳು. ಹಿಂತಿರುಗಿದಾಗ ಮುಖ ಸಪ್ಪಗಿತ್ತು.

“ಊಟಕ್ಕೆ ಮುಂಚೆಯೇ ಎರಡು, ಮೂರರ ಕಾಯಿಲ್ ಅದಲುಬದಲು ಮಾಡಿದ್ದೆ ಡಾಕ್ಟ್ರೇ. ಆದ್ರೂ ಮೂರೇ ಅಂತಿದೆ. ಅಂದ್ರೆ ಕಾಯಿಲ್ ಅಲ್ಲ. ನಾಳೆ ಇಂಜಿನ್ ಬಿಚ್ಚಬೇಕಾಗಬಹುದು.”

ಆ ಪರೀಕ್ಷೆಯನ್ನು ಅವಳಿಗೆ ಕಲಿಸಿದವನೇ ಅವನು. ಅವಳು ಬದಲಿಸಿದ್ದನ್ನು ಅವನು ಮತ್ತೆ ಮೊದಲಿನಂತೆ ಕೂರಿಸಿದ್ದ.

ಸುಮ್ಮನಿದ್ದರೆ ನಾಳೆ ಅವಳು ಇಂಜಿನ್ ಬಿಚ್ಚುತ್ತಾಳೆ, ಏನೂ ಸಿಗುವುದಿಲ್ಲ, “ತಂಗಿ ಇಲ್ವಾ” ಎನ್ನುವವರ ಬಾಯಿ ಕಟ್ಟುತ್ತದೆ. ಈ ಯೋಚನೆ ಅವನಿಗೆ ರುಚಿಸಿತು. ಹಳೆಯ ಟೈರಿನ ಮೇಲೆ ಕೂತು ಅರ್ಧ ಗಂಟೆ ಅದನ್ನೇ ಮೆಲುಕು ಹಾಕಿದ. ಆದರೆ ಆರೋಗ್ಯವಾಗಿರುವ ಇಂಜಿನ್ನಿನ ಹೊಟ್ಟೆ ಸೀಳುವುದನ್ನು ಅವನು ಎಂದೂ ಸಹಿಸಿದವನಲ್ಲ. ತಂಗಿಯ ಮರ್ಯಾದೆ ಆಮೇಲಿನ ಮಾತು.

ಎದ್ದು ಬಂದು ಬಾನೆಟ್ಟಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿದ. “ಕಾಯಿಲ್ಲೇ. ಇನ್ನೊಂದ್ಸಲ ಬದಲಿಸಿ ನೋಡು.”

ಈ ಸಲ ಕೋಡ್ ಎರಡಕ್ಕೆ ಸರಿಯಿತು.

“ಅಬ್ಬಾ, ಕಿವಿ ಅಂದ್ರೆ ನಿಮ್ಮದು ಮೇಸ್ತ್ರೀ!” ಎಂದರು ಡಾಕ್ಟರಮ್ಮ. ಎರಡು ವರ್ಷ ಹಸಿದು ಕಾದಿದ್ದ ಹೊಗಳಿಕೆ ಬಂದಾಗ ಅವನು ಹೊಸ ಕಾಯಿಲ್ ಹುಡುಕುವ ನೆಪದಲ್ಲಿ ಒಳಗೆ ಹೋದ.

ಹೊಸ ಕಾಯಿಲ್ ಹಾಕಿಸಿಕೊಂಡು ಗಾಡಿ ಹೋಯಿತು. ತಂಗಿ ನೋಟ್‌ಬುಕ್ ಹಿಡಿದು ಬಂದಳು.

“ಕಾಯಿಲ್ ಕೆಟ್ಟಾಗ ಸದ್ದು ಹೇಗಿರತ್ತೆ ಅಣ್ಣ? ನನಗೂ ಹೇಳ್ಕೊಡು, ಬರ್ಕೊತೀನಿ.”

“ಸದ್ದೂ ಇಲ್ಲ, ಗಿದ್ದೂ ಇಲ್ಲ. ನೀನು ಊಟಕ್ಕೆ ಹೋದಾಗ ನಾನೇ ಬದಲಿಸಿದ್ದೆ.”

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. “ಕಳ್ಳ! ನನ್ನನ್ನ ಒಂದು ಮಾತು ಕೇಳೋಕೇನಾಗಿತ್ತು?”

“ಕೇಳೋದಾ? ನಿನ್ನನ್ನಾ?”

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಜಾಗದಲ್ಲಿದ್ದರೆ ಅವನು ಒಂದು ತಿಂಗಳು ಮಾತು ಬಿಡುತ್ತಿದ್ದ. ಹಾಗೆ ನಗುವುದರಲ್ಲೂ ಅವಳೇ ಮುಂದೆ ಎಂದು ಹಲ್ಲು ಕಚ್ಚಿದ.

ಮರುದಿನದಿಂದ ತಂಗಿ ತಾನು ಬದಲಿಸಿದ ಕಾಯಿಲ್‌ಗಳಿಗೆಲ್ಲ ಸೀಮೆಸುಣ್ಣದ ಗುರುತು ಹಾಕತೊಡಗಿದಳು. ಮೊದಲ ಗಿರಾಕಿ ಗೇಟಿನಲ್ಲೇ ನಿಂತು, “ತಂಗಿ ಇಲ್ವಾ?” ಎಂದ.

“ಇದ್ದಾಳೆ,” ಎಂದು ಅವನು ಬಾಯಿಬಿಟ್ಟೇ ಹೇಳಿದ. ಆ ಗಿರಾಕಿ ಹೆದರಿ ಒಂದು ಹೆಜ್ಜೆ ಹಿಂದಕ್ಕೆ ಸರಿದ.