ಆಯಿ ಅಂದರೆ ಯಾರು

ಕಪ್ಪು ಹಲಗೆಯ ಮೇಲೆ ಕೋಡ್ ಬರೆದು ವೆಬ್ ಪ್ರೋಗ್ರಾಮಿಂಗ್ ಕಲಿಸುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಚಿಕ್ಕೋಡಿಯಲ್ಲಿ ನಾನು ಬಿಸಿಎ ಓದುವಾಗ ನಮ್ಮ ಸರ್ ಹಾಗೇ ಕಲಿಸಿದರು. ಟ್ಯಾಗ್ ತೆರೆಯಬೇಕು, ಮುಚ್ಚಬೇಕು, ಸೆಮಿಕೋಲನ್ ಮರೆಯಬಾರದು. ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬರೆಯುವುದು, ನಾವು ಇಳಿಸಿಕೊಳ್ಳುವುದು. ಈಜು ಕಲಿಯಲು ಬಂದವರನ್ನು ಬಾವಿಯ ದಂಡೆಯ ಮೇಲೆ ಕೂರಿಸಿ ಕೈ ಬೀಸಿ ಎಂದ ಹಾಗೆ. ಲ್ಯಾಬಿಗೆ ಹೋದರೆ ಕರೆಂಟು ಹೋಗಿರುತ್ತಿತ್ತು. ಇಷ್ಟೆಲ್ಲ ಬೈದರೂ ಆ ಲ್ಯಾಬು ನೆನಪಾದರೆ ಎದೆ ತುಂಬಿ ಬರುತ್ತದೆ, ಅದಕ್ಕೆ ಕಾರಣ ಅಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ.

ಆಕೆ ಬೇಡಕಿಹಾಳದವಳು. ಒಂದಿಷ್ಟು ಹೊಲ, ಉಳಿದಂತೆ ಕುರಿ ಸಾಕಿ ಬದುಕುವ ಮನೆ. ಮನೆಮಾತು ಮರಾಠಿ, ಹತ್ತನೆಯವರೆಗೆ ಓದಿದ್ದೂ ಮರಾಠಿಯಲ್ಲೇ. ನಾನು ರಾಯಬಾಗ ಕಡೆಯ ಕಬ್ಬಿನ ಹೊಲದವರ ಮಗಳು, ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತಿಲ್ಲ. ಹಾಸ್ಟೆಲಿನಲ್ಲಿ ಒಂದೇ ಕೋಣೆ ನಮ್ಮದು. ನಾನು ಎರಡನೆಯ ವರ್ಷದಲ್ಲಿದ್ದೆ, ಆಕೆ ಕೊನೆಯ ವರ್ಷದಲ್ಲಿ. ಉಳಿದೆಲ್ಲ ವಿಷಯ ಪಾಸು, ವೆಬ್ ಲ್ಯಾಬಿನ ಪರೀಕ್ಷೆ ಮಾತ್ರ ಹಿಂದಿನ ವರ್ಷ ನಪಾಸು. ಅದನ್ನು ನಮ್ಮ ಬ್ಯಾಚಿನ ಜೊತೆ ಮತ್ತೆ ಕಟ್ಟಿದ್ದಳು.

ಕೋಡ್ ಬಾರದೆ ನಪಾಸಾದವಳಲ್ಲ. ಪರೀಕ್ಷಕರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದ್ದೇ ತಡ, ಬಾಯಿಗೆ ಬೀಗ ಬಿದ್ದಿತ್ತು. ಆಕೆಯ ಅಪ್ಪ ಜೋರು ಮಾಡುವ ಮನುಷ್ಯನೇನಲ್ಲ, ಆದರೆ ಒಂದು ಮಾತು ಹೇಳಿ ಕಳಿಸಿದ್ದ: ಈ ಸಲ ಪಾಸಾದರೆ ಕೊಲ್ಹಾಪುರಕ್ಕೆ ಹೋಗಿ ಎಂಸಿಎ ಮಾಡು, ಇಲ್ಲವಾದರೆ ಮನೆಗೆ ಬಾ, ಕುರಿ ಇವೆ. ಕೊಲ್ಹಾಪುರ ಇಲ್ಲವೇ ಕುರಿ. ನಡುವೆ ಇನ್ನೊಂದು ದಾರಿ ಇರಲಿಲ್ಲ.

ಹಾಗಾಗಿ ಆ ವರ್ಷ ನಮ್ಮಿಬ್ಬರದು ಕೊಡು-ಕೊಳ್ಳುವ ವ್ಯವಹಾರ. ಕೋಡ್ ಆಕೆ ಕಲಿಸಬೇಕು, ಮಾತಾಡುವುದನ್ನು ನಾನು ಕಲಿಸಬೇಕು. ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಾಗ, ಬಟ್ಟೆ ಒಗೆಯುವಾಗ, ಮೆಸ್ಸಿನ ಸಾಲಿನಲ್ಲಿ ನಿಂತಾಗ ತಟ್ಟನೆ ಕೇಳುತ್ತಿದ್ದೆ.

"ಸೆಷನ್ ಅಂದ್ರ ಏನ?"

"ಒಳಗ ಬಂದಾವ್ರನ್ನ ಅವ್ರು ಹೊರಗ ಹೋಗೂತನಕ ನೆನಪ ಇಟ್ಕೊಳ್ಳೂದು."

"ಇಂಗ್ಲಿಷ್‌ನ್ಯಾಗ ಹೇಳ."

"ಅಗಂ, ಇಂಗ್ಲಿಷ್ ಅಂದ ಕೂಡ್ಲೇ ಎಲ್ಲಾ ಮರ್ತ ಹೋಗ್ತೈತಿ!"

ಸಿಟ್ಟು ಬಂದು ತಲೆ ಮೇಲೆ ಮೊಟಕುತ್ತಿದ್ದೆ. ಆಕೆ ನಗುತ್ತಿದ್ದಳು. ಆ ನಗು ನೋಡಿದರೆ ನನಗೆ ಇನ್ನೂ ಸಿಟ್ಟು.

ಪ್ರಾಜೆಕ್ಟಿಗೆ ನಾವು ಆರಿಸಿಕೊಂಡದ್ದು ಹಾಸ್ಟೆಲಿನ ಮೆಸ್ಸು. ಎಷ್ಟು ಜನ ಊಟಕ್ಕೆ ಇದ್ದೀರಿ, ಎಷ್ಟು ರೊಟ್ಟಿ ಬಡಿಯಲಿ ಎಂದು ಅಡುಗೆಯ ಅಕ್ಕ ದಿನಾ ಕೋಣೆ ಕೋಣೆಗೆ ಬಂದು ಕೂಗುತ್ತಿದ್ದಳು. ಹುಡುಗಿಯರು ವೆಬ್‌ಸೈಟಿನಲ್ಲೇ ತಿಳಿಸಿದರೆ ಆ ಪಾಡು ತಪ್ಪುತ್ತದಲ್ಲ? ಎಲ್ಲವನ್ನೂ ನಮ್ಮ ಕಡೆಯ ಕನ್ನಡದಲ್ಲೇ ಬರೆಯೋಣ ಎಂದು ಹಟ ಹಿಡಿದವಳು ನಾನು. ಒಂದು ಬಟನ್ನಿನ ಮೇಲೆ 'ಊಟಕ್ಕ ಅದೀನಿ', ಇನ್ನೊಂದರ ಮೇಲೆ 'ಊಟಕ್ಕ ಇಲ್ಲ'. ಪಾಸ್‌ವರ್ಡ್ ಮರೆತವರಿಗೆ ಒಂದು ಗುಟ್ಟಿನ ಪ್ರಶ್ನೆ ಬೇಕಿತ್ತು. 'ನಿಮ್ಮ ಆಯಿ ಹೆಸರೇನ್ರಿ?' ಎಂದು ಬರೆದೆ.

"ಕಂಪ್ಯೂಟರ್ ಭಾಳ ಮರ್ಯಾದಿ ಕೊಟ್ಟ ಮಾತಾಡ್ತೈತಿ," ಎಂದು ಆಕೆ ನಕ್ಕಳು. ನನ್ನ ಖಾತೆ ನಾನು ತೆರೆದು ಪರೀಕ್ಷಿಸಿದೆ, ಆಕೆಯದನ್ನು ಆಕೆ. ಎರಡೂ ಸರಿಯಾಗಿ ನಡೆದವು. ಆಮೇಲೆ ಹಾಸ್ಟೆಲಿನ ಉಳಿದ ಹುಡುಗಿಯರೂ ಖಾತೆ ತೆರೆದರು.

ಪರೀಕ್ಷೆಯ ದಿನ ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬಂದಿದ್ದರು. ನಮ್ಮ ಸೈಟು ತೆರೆದುಕೊಂಡಿತು, ಊಟ ಹೇಳಿತು, ರೊಟ್ಟಿ ಎಣಿಸಿತು. ಆಕೆಯ ಖಾತೆ ಪರದೆಯ ಮೇಲಿತ್ತು. ಪರೀಕ್ಷಕರು ಆಕೆಯ ಕಡೆ ತಿರುಗಿ, ಪಾಸ್‌ವರ್ಡ್ ಮರೆತರೆ ಏನಾಗುತ್ತದೆ ತೋರಿಸು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೇಜಿನ ಕೆಳಗೆ ಆಕೆಯ ಕೈ ನನ್ನ ಓಢಣಿಯನ್ನು ಹಿಡಿದುಕೊಂಡಿತು. ಮತ್ತೆ ಬೀಗ ಬಿತ್ತು ಎಂದುಕೊಂಡು ನಾನೇ ಕೀಬೋರ್ಡ್ ಎಳೆದುಕೊಂಡೆ.

ಆಯಿಯ ಹೆಸರು ತಾನೇ? ಆಕೆಯ ಆಯಿ ನನಗೆ ಚೆನ್ನಾಗಿ ಗೊತ್ತು. ಸಂತೆಯ ದಿನ ಶೇಂಗಾ ಚಟ್ನಿ ಕಟ್ಟಿಕೊಂಡು ಹಾಸ್ಟೆಲಿಗೆ ಬರುತ್ತಿದ್ದ ಮುದುಕಿ, ಮೊಮ್ಮಗಳಿಗೆಷ್ಟೋ ನನಗೂ ಅಷ್ಟೇ ಹಂಚುತ್ತಿದ್ದಳು. ಹೆಸರು ಹೊಡೆದೆ. 'ಉತ್ತರ ತಪ್ಪೈತ್ರಿ' ಎಂದಿತು ಕಂಪ್ಯೂಟರ್. ಒತ್ತಕ್ಷರ ತಪ್ಪಿರಬೇಕೆಂದು ಇನ್ನೊಂದು ರೀತಿಯಲ್ಲಿ ಹೊಡೆದೆ. ಮತ್ತೆ ಅದೇ.

ಪರೀಕ್ಷಕರು ಪೆನ್ನು ಕೆಳಗಿಟ್ಟು, "ನೀವ ಮಾಡಿದ ಪ್ರೋಗ್ರಾಮು ನಿಮ್ಮನ್ನ ಒಳಗ ಬಿಡವಲ್ದಲ್ಲವಾ," ಎಂದರು. ನನ್ನ ಕಣ್ಣೆದುರು ಕುರಿಗಳು ಸಾಲಾಗಿ ನಡೆದು ಹೋದವು. ಒಂದು ವರ್ಷ ದುಡಿದದ್ದು ನೀರಲ್ಲಿ ಹೋಮವಾಯಿತು.

ಆಗ ಪಕ್ಕದಲ್ಲಿ ಯಾರೋ ಕಿಸಕ್ಕೆಂದರು. ನೋಡಿದರೆ ಆಕೆಯೇ! ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಳೆ.

"ಸರ್, ಪ್ರೋಗ್ರಾಮು ಬರೋಬರಿ ಐತ್ರಿ. ಚೂಕ ಆಗಿದ್ದು ಶಬ್ದದಾಗ್ರಿ," ಎಂದಳು. "ಇಕಿ ಮನ್ಯಾಗ ಆಯಿ ಅಂದ್ರ ಅಜ್ಜಿ. ನಮ್ಮ ಮನ್ಯಾಗ ಆಯಿ ಅಂದ್ರ ಅವ್ವ. ನಾ ನಮ್ಮ ಅವ್ವನ ಹೆಸರ ಇಟ್ಟೀನ್ರಿ. ಇಕಿ ನಮ್ಮ ಅಜ್ಜೀನ ಕರ್ಯಾಕತ್ತಾಳು."

ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು ತಾಯಿಯ ಹೆಸರು ಹೊಡೆದಳು. ಬಾಗಿಲು ತೆರೆಯಿತು. ಒಂದೇ ಶಬ್ದವನ್ನು ಇಬ್ಬರೂ ಓದಿದ್ದೇವೆ, ಒಬ್ಬಳಿಗೆ ಅಜ್ಜಿ ಕಂಡಿದ್ದಾಳೆ, ಇನ್ನೊಬ್ಬಳಿಗೆ ಅವ್ವ. ಮರಾಠಿಯಲ್ಲಿ ಆಯಿ ಎಂದರೆ ತಾಯಿ ಎಂಬುದು ನನಗೇನು ಗೊತ್ತಿಲ್ಲದ್ದಲ್ಲ. ಆದರೆ ಬರೆಯುವಾಗ ಮನಸ್ಸಿಗೆ ಬಂದದ್ದು ನಮ್ಮ ಮನೆಯ ಆಯಿ ಮಾತ್ರ.

"ಹಂಗಾರ ಈಗ ಹೆಂಗ ದುರಸ್ತ ಮಾಡ್ತಿ?" ಪರೀಕ್ಷಕರೂ ಇಂಗ್ಲಿಷು ಬಿಟ್ಟಿದ್ದರು.

ಆಕೆ ಫೈಲು ತೆರೆದು 'ಆಯಿ' ಅಳಿಸಿ 'ಹೆತ್ತವ್ವ' ಎಂದು ಬರೆದಳು. ನನಗೆ ಅಷ್ಟೇ ಸಾಕೆನಿಸಿತ್ತು. ಆಕೆ ನಿಲ್ಲಿಸಲಿಲ್ಲ. "ಇಷ್ಟಕ್ಕ ಮುಗ್ಯಾಂಗಿಲ್ರಿ. ಈ ಮೊದ್ಲ ಉತ್ತರ ಕೊಟ್ಟ ಹುಡುಗ್ಯಾರಿಗೆಲ್ಲಾ ಮತ್ತೊಮ್ಮೆ ಕೇಳಬೇಕ್ರಿ. ಅವ್ರು ಯಾರನ್ನ ನೆನಸಿ ಬರದಾರ ನಮಗೇನ ಗೊತ್ತು?"

ಪರೀಕ್ಷಕರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಆಮೇಲೆ ಅವರು ಕೇಳಿದ್ದಕ್ಕೆಲ್ಲ ಆಕೆ ಅರ್ಧ ಕನ್ನಡ, ಅರ್ಧ ಮರಾಠಿ, ನಡುನಡುವೆ ಇಂಗ್ಲಿಷು ಬೆರೆಸಿ ಹರಿಬಿಟ್ಟಳು. ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಫಲಿತಾಂಶ ಬಂದಾಗ ಆಕೆಯ ಅಂಕ ನನಗಿಂತ ಜಾಸ್ತಿ. ಸಂತೋಷದ ಜೊತೆ ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಅಲ್ಲೇ ನಿಂತು ಅಪ್ಪನಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಕುರಿಗಳ ಸದ್ದು ಕೇಳುತ್ತಿತ್ತು. ಅಪ್ಪ "ಮಗ್ ಜಾ" ಎಂದ. ಹಾಗಾದರೆ ಹೋಗು ಎಂದು ಅದರ ಅರ್ಥ. ಅಷ್ಟೇ ಮಾತು, ಆಕೆ ಅದನ್ನೇ ನನಗೆ ಮತ್ತೆ ಮತ್ತೆ ಹೇಳಿ ಕುಣಿದಳು.

ಹೋಗುವುದು ಎಂದರೆ ಏನೆಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಪಾಸಾಗಬೇಕು, ಪಾಸಾಗಬೇಕು ಎಂದು ವರ್ಷವಿಡೀ ಆಕೆಯ ಬೆನ್ನು ಹತ್ತಿದ್ದೆನೇ ಹೊರತು, ಪಾಸಾದ ಮರುಗಳಿಗೆಯೇ ಆಕೆ ನನ್ನ ಕೋಣೆಯಿಂದ ಎದ್ದು ಹೋಗುತ್ತಾಳೆ ಎಂಬುದು ತಲೆಗೆ ಹೊಳೆದಿರಲಿಲ್ಲ. ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ಕೊಲ್ಹಾಪುರದ ಬಸ್ಸು ಹೊರಟು ನಿಂತಿತ್ತು. ಆಕೆಯ ಟ್ರಂಕು ಒಳಗೆ ಸೇರಿತು. ಕಿಟಕಿಯಿಂದ ಕತ್ತು ಚಾಚಿ "ಯೇತೇ ಗ" ಎಂದಳು. ಬರ್ತೀನಿ ಎಂದು, ನಮ್ಮಲ್ಲೂ ಹೊರಟವರು ಹೇಳುವುದು ಅದನ್ನೇ.

"ಮೊದ್ಲ ಸರಿಯಾಗಿ ಕುಂದ್ರ, ಕೈ ಒಳಗ ತಗೋ," ಎಂದು ಗದರಿದೆ. ಆಕೆ ಗೆಲ್ಲಲಿ ಎಂದು ಕಂಡ ಕಂಡ ದೇವರಿಗೆ ಕೈ ಮುಗಿದವಳು ನಾನೇ, ಈಗ ಯಾರನ್ನು ಬೈಯಲಿ? ಬಸ್ಸು ಮರೆಯಾಗುವವರೆಗೂ ನಗುತ್ತ ಕೈ ಬೀಸಿದೆ. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತು, ಜನ ನೋಡುತ್ತಾರೆ ಎನ್ನುವುದನ್ನೂ ಮರೆತು ಅತ್ತುಬಿಟ್ಟೆ.