ವೈಜಯಂತಿಯ ಕತ್ತಿನ ಕಲೆ

ತೋಡೂರಿನ ವೈಜಯಂತಿ ಅಂಕೋಲೆಯ ಮೀನುಪೇಟೆಯಲ್ಲಿ ಬುಟ್ಟಿ ಇಳಿಸಿದಳೆಂದರೆ ಅವಳ ದನಿ ರಸ್ತೆಯ ಆಚೆಗೂ ಕೇಳುತ್ತಿತ್ತು. ಬಂಗಡೆಯ ಕಿವಿರು ಎತ್ತಿ ತೋರಿಸಿ, "ಇನ್ನೂ ಕೆಂಪಗೆ ಇದೆ ನೋಡಿ, ನಿನ್ನೆದು ಅಂತ ಹೇಳ್ಬೇಡಿ" ಎಂದು ಗಿರಾಕಿಯ ಬಾಯಿ ಕಟ್ಟುತ್ತಿದ್ದಳು. ಗಂಡ ಕಿಶನ ಕಾರವಾರದಿಂದ ಬೋಟಿಗೆ ಹೋಗುವವನು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಎಣ್ಣೆ ಹಚ್ಚಿದ ಹಾಗೆ ಮಿರುಗುವ ಕಪ್ಪು ಮೈ ಅವಳದು. ಅದರ ಬಗ್ಗೆ ಅವಳು ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ.

ಒಂದು ಮಳೆಗಾಲದ ಬೆಳಿಗ್ಗೆ ಅನ್ನ ಬಸಿಯುವಾಗ ಪಾತ್ರೆ ಕೈಜಾರಿ, ಕುದಿಯುವ ಗಂಜಿತಿಳಿ ಎಡಗೆನ್ನೆಗೂ ಕತ್ತಿಗೂ ಸಿಡಿಯಿತು. ಕಣ್ಣು ಉಳಿದದ್ದೇ ದೊಡ್ಡದು ಎಂದರು ಎಲ್ಲರೂ. ಗಾಯವೇನೋ ಮಾಯಿತು. ಆದರೆ ಕೆನ್ನೆಯ ಮೇಲೆ ಡಾಂಬರು ಒರೆಸಿದ ಹಾಗೆ ಒಂದು ಕಲೆ ಕೂತಿತು. ಕತ್ತಿನಲ್ಲಿ ಚರ್ಮ ಉಬ್ಬಿಕೊಂಡು ಮೊದಲು ದಾರದಷ್ಟಿದ್ದದ್ದು ಆಮೇಲೆ ಬೆರಳಿನಷ್ಟಾಯಿತು. ಸುಟ್ಟ ಜಾಗ ದಾಟಿ ಆಚೆಗೂ ಹಬ್ಬಿತು. ಬೆವರು ಬಂದರೆ ಸಾಕು, ಅದು ತುರಿಸುತ್ತಿದ್ದ ಪರಿ ಅವಳಿಗೇ ಗೊತ್ತು.

ಪಕ್ಕದಲ್ಲಿ ಮೀನು ಮಾರುವ ಹೊನ್ನಮ್ಮ ಲಿಂಬೆರಸ ಹಚ್ಚು ಎಂದಳು. ಹಚ್ಚಿಕೊಂಡು ಬಿಸಿಲಿಗೆ ಕೂತದ್ದಕ್ಕೆ ಕಲೆ ಇನ್ನಷ್ಟು ಕಪ್ಪಾಯಿತು. ಕಿಶನನ ತಂಗಿ ಮನಿಷಾ ಮೊಬೈಲಿನಲ್ಲಿ ನೋಡಿ, ದೂರದ ಪೇಟೆಯ ಒಂದು ಪಾರ್ಲರಿಗೆ ಕರೆದುಕೊಂಡು ಹೋದಳು. ಅಲ್ಲಿ ಕಲೆ ತೆಗೆಯುವ ಬೆಳಕಿನ ಮಿಶನ್ ಇತ್ತು. ಎಲ್ಲ ಬಣ್ಣದವರಿಗೂ ಆಗ್ತದೆ ಎಂದರು. ಮುಖಕ್ಕೆ ಬೆಳಕು ಬಿಟ್ಟಾಗ ರಬ್ಬರ್ ಬ್ಯಾಂಡ್ ಹೊಡೆದ ಹಾಗೆ ಚುರುಗುಟ್ಟಿತು. ಉರಿದರೇ ಕೆಲಸ ಮಾಡುತ್ತಿದೆ ಎಂದು ಅವಳು ಹಲ್ಲು ಕಚ್ಚಿ ಕೂತಳು. ಮರುದಿನ ಕೆನ್ನೆಯಲ್ಲಿ ಬೊಬ್ಬೆ ಎದ್ದವು. ಅವು ಒಣಗಿದ ಮೇಲೆ ಕಪ್ಪಿನ ನಡುವೆ ಅಲ್ಲಲ್ಲಿ ಬಿಳಿ ಚುಕ್ಕೆ ಉಳಿದವು. ಮನಿಷಾ ಅತ್ತಳು. ಸುಟ್ಟುಕೊಂಡವಳೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ಆಮೇಲಿಂದ ವೈಜಯಂತಿ ಸೆರಗಿಗೆ ಪಿನ್ನು ಹಾಕಿ ಎಡಗೆನ್ನೆ ಮುಚ್ಚಿಕೊಂಡೇ ಕೂರತೊಡಗಿದಳು. ದನಿಯೂ ತಗ್ಗಿತು. ಗಿರಾಕಿ ಕೇಳಿದ ದರಕ್ಕೆ ಕೊಟ್ಟು ಬೇಗ ಮನೆ ಸೇರುವಳು.

ಅವಳು ಯಾರಿಗೂ ಹೇಳದ ಮಾತೊಂದಿತ್ತು. ಅರ್ಗಾದಲ್ಲಿದ್ದ ಅವಳ ಚಿಕ್ಕಮ್ಮ ನಾಗುವಿಗೆ ಕತ್ತಿನಲ್ಲೇ ಗಂಟು ಎದ್ದು, ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ತನ್ನದೂ ಅದೇ ಎಂದು ವೈಜಯಂತಿ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದಳು. ಇಲ್ಲದಿದ್ದರೆ ಮಾಯ್ದ ಗಾಯ ದಿನದಿನಕ್ಕೆ ಬೆಳೆಯುವುದು ಯಾಕೆ? ಕೊನೆಗೆ, ಚಿಕ್ಕಪುಟ್ಟ ಗಂಟು ಕೊಯ್ದು ತೆಗೆಯುವವನೊಬ್ಬನ ವಿಚಾರ ಯಾರಿಂದಲೋ ಕೇಳಿ, ಕಿಶನ ಸಮುದ್ರಕ್ಕೆ ಹೋದಾಗ ಸದ್ದಿಲ್ಲದೆ ಕೊಯ್ಸಿಕೊಂಡು ಬರುವುದು ಎಂದು ದಿನವನ್ನೂ ಗೊತ್ತು ಮಾಡಿಕೊಂಡಳು.

ಅದು ಮನಿಷಾಗೆ ಹೇಗೋ ತಿಳಿಯಿತು. "ವೈನಿ, ಪಾರ್ಲರಿಗೆ ಕರ್ಕೊಂಡು ಹೋಗಿದ್ದು ನಂದು ತಪ್ಪು. ಈಗ ಒಂದೇ ಒಂದು ಸಲ ಕಾರವಾರದ ಚರ್ಮದ ಡಾಕ್ಟರಿಗೆ ತೋರ್ಸುವಾ. ಅವರು ಕೊಯ್ಸಿ ಅಂದ್ರೆ ಕೊಯ್ಸು" ಎಂದಳು.

ಡಾಕ್ಟರ್ ಭಾರತಿ ನಿಧಾನದ ಹೆಂಗಸು. ಕಿಟಕಿಯ ಬೆಳಕಿಗೆ ಕುರ್ಚಿ ಎಳೆದು, ಪಿನ್ನು ತೆಗೆಸಿ, ಗಂಟನ್ನು ಬೆರಳಿನಿಂದ ಒತ್ತಿ ನೋಡಿದರು. ಕತ್ತಿನ ಸುತ್ತ, ಕಂಕುಳಲ್ಲಿ ಬೇರೆ ಗಂಟುಗಳಿವೆಯೇ ಎಂದೂ ಮುಟ್ಟಿ ನೋಡಿದರು.

"ನಂಗೆ ಸುಳ್ಳು ಹೇಳ್ಬೇಡಿ ಡಾಕ್ಟ್ರೇ. ಇದು ಕ್ಯಾನ್ಸರ್ ಅಲ್ದಾ?"

"ಅಲ್ಲ. ಇದಕ್ಕೆ ಕೆಲಾಯ್ಡ್ ಅಂತಾರೆ. ಗಾಯ ಮುಚ್ಚೂದಕ್ಕೆ ಹೊರಟ ಚರ್ಮಕ್ಕೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗ್ಲಿಲ್ಲ, ಅಷ್ಟೇ. ನಮ್ಮಂಥ ಕಪ್ಪು ಮೈಯವರಲ್ಲಿ ಇದು ಜಾಸ್ತಿ."

ವೈಜಯಂತಿ ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿದಳು. ಡಾಕ್ಟರು ಅವಸರ ಮಾಡಲಿಲ್ಲ. ಮನಿಷಾ ಬೆನ್ನು ಸವರುತ್ತಾ, "ನೀ ಇಷ್ಟು ದಿವ್ಸ ಇದನ್ನ ಒಬ್ಳೇ ಹೊತ್ಕೊಂಡಿದ್ಯಾ?" ಎಂದಳು.

ಕೊಯ್ಸುವ ವಿಚಾರ ಹೇಳಿದಾಗ ಡಾಕ್ಟರು ಬೇಡವೆಂದು ತಲೆಯಾಡಿಸಿದರು. ಬರೀ ಕೊಯ್ದು ಬಿಟ್ಟರೆ ಇಂಥ ಗಂಟು ಮತ್ತೆ ಬರುವುದೇ ಹೆಚ್ಚು, ಬಂದರೆ ಮೊದಲಿಗಿಂತ ದೊಡ್ಡದಾಗಿಯೂ ಬರಬಹುದು ಎಂದರು. ಪಾರ್ಲರಿನ ಕಥೆ ಕೇಳಿ, "ಮಿಶನ್ ಹಾಕೂ ಮೊದ್ಲು ಕಿವಿಯ ಹಿಂದೆ ಎಲ್ಲಾದ್ರೂ ಚೂರು ಜಾಗದಲ್ಲಿ ಪರೀಕ್ಷೆ ಮಾಡಿದ್ರಾ?" ಎಂದು ಕೇಳಿದರು. ಇಲ್ಲ. "ಕಪ್ಪು ಚರ್ಮದಲ್ಲಿ ಬಣ್ಣ ತುಂಬಾ ಇರ್ತದೆ. ಆ ಬೆಳಕು ಕಲೆಯನ್ನ ಹುಡುಕೋ ಬದಲು ಆ ಬಣ್ಣಕ್ಕೇ ಹೊಡೀತದೆ. ಅದಕ್ಕೇ ಸುಟ್ಟದ್ದು. ನಮ್ಮ ಚರ್ಮಕ್ಕೆ ಹೊಂದುವ ಲೇಸರ್ ಬೇರೆ ಇದೆ, ಆದ್ರೆ ನಿಮಗೆ ಈಗ ಅದು ಬೇಡ. ಮೊದ್ಲು ಸಿಟ್ಟಾಗಿರೋ ಚರ್ಮ ತಣ್ಣಗಾಗ್ಲಿ."

ಹೀಗೆ ಶುರುವಾಯಿತು ಔಷಧಿ. ತಿಂಗಳಿಗೊಮ್ಮೆ ಗಂಟಿನ ಒಳಕ್ಕೇ ಸಣ್ಣ ಸೂಜಿ. ಔಷಧಿ ಹೊರಗೆ ಹರಡಿದರೆ ಸುತ್ತಲ ಚರ್ಮ ಬಿಳಿಚಿಕೊಳ್ಳಬಹುದೆಂದು ಮೊದಲ ಸಲ ಸ್ವಲ್ಪವೇ ಕೊಟ್ಟು, ಹೇಗಿದೆ ಎಂದು ನೋಡಿಯೇ ಮುಂದಿನದು. ರಾತ್ರಿ ಗಂಟಿನ ಮೇಲೆ ಸಿಲಿಕೋನ್ ಜೆಲ್. ಕೆನ್ನೆಯ ಕಲೆಗೆ ಒಂದು ಸೌಮ್ಯ ಮುಲಾಮು, ಹಗಲು ಬಿಸಿಲು ತಡೆಯುವ ಕ್ರೀಮು. "ಬಿಳಿ ಮಾಡ್ತೇವೆ ಅಂತ ಅಂಗಡಿಲಿ ಕೊಡೂ ಯಾವ ಟ್ಯೂಬೂ ಮುಟ್ಬೇಡಿ" ಎಂದೂ ಹೇಳಿದರು. ಬಿಳಿ ಚುಕ್ಕೆ ಎಲ್ಲ ಹೋಗುತ್ತವೆಂದು ಮಾತ್ರ ಅವರು ಮಾತು ಕೊಡಲಿಲ್ಲ.

ಕಪ್ಪಗಿರುವವರಿಗೆ ಬಿಸಿಲಿನ ಕ್ರೀಮು ಯಾಕೆ ಎಂದು ಕಿಶನ ನಕ್ಕ. "ಮೈಗಲ್ಲ, ಕಲೆಗೆ. ಬಿಸಿಲು ಬಿದ್ರೆ ಕಲೆ ಕಪ್ಪಾಗೇ ಉಳೀತದೆ" ಎಂದಳು ವೈಜಯಂತಿ. ಅವನು ಮುಂದಿನ ಸಲ ದಡಕ್ಕೆ ಬಂದವನೇ ಅವಳ ಬುಟ್ಟಿಗೆ ನೆರಳಾಗುವಂಥ ದೊಡ್ಡ ಕೊಡೆ ತಂದು ಪೇಟೆಯಲ್ಲಿ ತಾನೇ ನೆಟ್ಟುಕೊಟ್ಟ. ಹೊನ್ನಮ್ಮನೂ ಅದರಡಿ ಜರುಗಿ ಕೂತಳು.

ಸೂಜಿ ನೋಯುತ್ತಿತ್ತು, ಅದೇನೂ ಸುಳ್ಳಲ್ಲ. ಆದರೆ ಮೊದಲೆರಡು ಸಲದಲ್ಲೇ ತುರಿಕೆ ಕಡಿಮೆಯಾಯಿತು. ಒಂದು ಮಧ್ಯಾಹ್ನ ಊಟ ಮಾಡಿ ಚಾಪೆಯಲ್ಲಿ ಒರಗಿದವಳು, ಮಗಳು ಪ್ರೀತಿ ಚಾ ಹಿಡಿದು ಅಲುಗಾಡಿಸುವವರೆಗೂ ಎದ್ದಿರಲಿಲ್ಲ. ಎದ್ದು ಕೂತು ಕತ್ತು ಮುಟ್ಟಿಕೊಂಡಳು. ನಿದ್ದೆಯಲ್ಲಿ ಒಂದು ಸಲವೂ ಕೆರೆದುಕೊಂಡಿರಲಿಲ್ಲ. ಎಷ್ಟು ಕಾಲವಾಗಿತ್ತು ಹಾಗೆ ಮಲಗಿ.

ಗಂಟು ನಿಧಾನಕ್ಕೆ ಮೆತ್ತಗಾಯಿತು, ತಗ್ಗಿತು. ಪೂರ್ತಿ ಅಳಿಸಿಹೋಗಲಿಲ್ಲ. ಮುಟ್ಟಿದರೆ ಈಗಲೂ ಸಿಗುತ್ತದೆ. ಕೆನ್ನೆಯ ಡಾಂಬರು ಬಣ್ಣ ತಿಳಿಯಾಗುತ್ತಾ ಬಂದು, ಅವಳ ಸ್ವಂತ ಬಣ್ಣದ ಹತ್ತಿರಕ್ಕೆ ನಿಂತಿತು. ಬಿಳಿ ಚುಕ್ಕೆಗಳಲ್ಲಿ ಕೆಲವು ತುಂಬಿಕೊಂಡವು, ಕೆಲವು ಹಾಗೇ ಇವೆ. ಮತ್ತೆ ಉಬ್ಬುವ ಸೂಚನೆ ಕಂಡರೆ ತಕ್ಷಣ ಬರಬೇಕೆಂದು ಡಾಕ್ಟರು ಹೇಳಿದ್ದಾರೆ.

ಈಚೆಗೆ ಹೊನ್ನಮ್ಮನ ಸೊಸೆ ಪೂಜಾ ಕಿವಿಗೆ ಎರಡನೇ ತೂತು ಚುಚ್ಚಿಸಿಕೊಂಡಿದ್ದಳು, ಅಲ್ಲಿ ಕಡಲೆಕಾಳಿನಷ್ಟು ಗಂಟು ಎದ್ದಿತ್ತು. ಕೂದಲಲ್ಲಿ ಮುಚ್ಚಿಕೊಂಡು ಪೇಟೆಗೆ ಬಂದವಳನ್ನು ವೈಜಯಂತಿ ಹತ್ತಿರ ಕರೆದು, ಮೀನಿನ ಕೈ ತೊಳೆದು ಒರೆಸಿಕೊಂಡು, ಕೂದಲು ಸರಿಸಿ ನೋಡಿದಳು.

"ಹೆದರೂದು ಬೇಡ. ಲಿಂಬೆರಸ ಹಚ್ಬೇಡ, ನಿನ್ನ ಅತ್ತೆ ಹೇಳಿದ್ರೂ ಹಚ್ಬೇಡ" ಎಂದಳು. ಹೊನ್ನಮ್ಮ ತಾನು ಕೇಳಿಸಿಕೊಳ್ಳಲೇ ಇಲ್ಲವೆಂಬಂತೆ ಸೀಗಡಿ ಅಳೆಯುತ್ತಿದ್ದಳು. "ಸೋಮವಾರ ನಾನು ಕಾರವಾರಕ್ಕೆ ಹೋಗ್ತೆ. ನನ್ನ ಸಂಗ್ತಿಗೆ ಬಾ."