ಕೊರಳಲ್ಲಿ ಕತ್ತರಿ

ಮಗ್ಗದ ಮುಂದೆ ಕೂತಾಗ ನನ್ನ ಕೊರಳಲ್ಲೊಂದು ಕತ್ತರಿ ತೂಗುತ್ತಿರುತ್ತದೆ. ನೋಡಿದವರು ನಗುತ್ತಾರೆ, ನಗಲಿ ಬಿಡಿ. ಮೊದಲು ನಾನೂ ಇಳಕಲ್ಲಿನ ಉಳಿದ ನೇಕಾರರಂತೆ ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದೆ. ಕತ್ತರಿಗೆ ಕೈ ಚಾಚುವಷ್ಟರಲ್ಲಿ ಬಾಯಿ ಕೆಲಸ ಮುಗಿಸಿರುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ನಾಲಿಗೆಯ ಅಂಚಿನಲ್ಲಿ ಒಂದು ಬಿಳಿ ಹುಣ್ಣು ಎದ್ದಿತು. ಉರಿ ತಾಳದೆ ಖಾರದ ಚಟ್ನಿ ಮುಟ್ಟುವುದನ್ನು ಬಿಟ್ಟೆ; ಮೂರು ವಾರವಾದರೂ ಮಾಯಲಿಲ್ಲ. ನಮ್ಮ ಓಣಿಯ ಹಿರಿಯರೊಬ್ಬರು ಇಂಥದೇ ಹುಣ್ಣು ಕ್ಯಾನ್ಸರಾಗಿ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರು ತಂಬಾಕು ಜಗಿಯುತ್ತಿದ್ದರು, ನಾನು ಮುಟ್ಟಿದವನೇ ಅಲ್ಲ. ಆದರೆ ಹೆದರಿಕೆ ಅದನ್ನೆಲ್ಲ ಕೇಳುತ್ತದೆಯೆ? ಗಡ್ಡ ಕೆರೆಯುವ ಕನ್ನಡಿಯ ಮುಂದೆ ದಿನಕ್ಕೆ ಹತ್ತು ಸಲ ನಾಲಿಗೆ ಚಾಚಿ ನಿಲ್ಲುತ್ತಿದ್ದೆ. ಹೆಂಡತಿ ಗಂಗವ್ವ ಬಂದರೆ ಮೀಸೆ ತಿದ್ದುವವನಂತೆ ನಟಿಸುತ್ತಿದ್ದೆ. ಅವಳಿಗೆ ಹೇಳಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಭಯ.

ಸೀರೆ ಕೊಟ್ಟು ಬರುವ ನೆವ ಹೇಳಿ ಬಾಗಲಕೋಟೆಯ ಬಸ್ಸು ಹತ್ತಿದೆ. ಡಾಕ್ಟರು ಬ್ಯಾಟರಿ ಹಿಡಿದು ನೋಡಿದರು. ಅವರು ನೋಡುತ್ತಿದ್ದಷ್ಟೂ ಹೊತ್ತು ನನ್ನ ಎದೆ ಮಗ್ಗದ ಲಾಳಿಯಂತೆ ಓಡಿತು.

"ಏನ್ ಕೆಲಸಾ ಮಾಡ್ತೀರಿ?"

"ಸೀರಿ ನೇಯ್ತೇನ್ರಿ."

"ದಾರ ಯಾತರ್ಲೆ ಕಡೀತೀರಿ?"

"ಹಲ್ಲಿಲೇರಿ, ಸಾಹೇಬ್ರ."

"ಅದ ಹಲ್ಲ ಸೀಳಿ ಚೂಪ ಆಗೇತಿ. ನಾಲಿಗಿ ಕೊರಿಯಾಕತ್ತೇತಿ," ಎಂದು ಹಲ್ಲನ್ನು ಉಜ್ಜಿ ನುಣುಪು ಮಾಡಿದರು. ನಾನು ನಗಬೇಕೆನ್ನುವಷ್ಟರಲ್ಲಿ, "ಎರಡ ವಾರ ನೋಡೂಣು. ಮಾಯದಿದ್ರ ಚೂರ ಕತ್ತರಿಸಿ ಪರೀಕ್ಷಾಕ್ಕ ಕಳಸಬೇಕಾಗ್ತೈತಿ," ಎಂದರು.

ಅಯ್ಯೋ, ಆ ಎರಡು ವಾರ! ನಾಲಿಗೆಯಷ್ಟು ಹಟಮಾರಿ ಅಂಗ ಇನ್ನೊಂದಿಲ್ಲ; ತನ್ನ ಹುಣ್ಣನ್ನು ತಾನೇ ಹಲ್ಲಿಗೆ ಒತ್ತಿ ಒತ್ತಿ ನೋಡುತ್ತದೆ. ನೇಯುವಾಗ ಎಳೆ ತಪ್ಪಿದವು. ಈ ಸೀರೆ ಮುಗಿಸುತ್ತೇನೋ ಇಲ್ಲವೋ ಎಂದು ಒಬ್ಬನೇ ಲೆಕ್ಕ ಹಾಕಿದೆ.

ಹದಿಮೂರನೆಯ ದಿನ ಕನ್ನಡಿಯಲ್ಲಿ ಹುಣ್ಣು ಇರಲಿಲ್ಲ. ಗೋಡೆಗೊರಗಿ ಅತ್ತುಬಿಟ್ಟೆ. ಮಧ್ಯಾಹ್ನ ಊಟಕ್ಕೆ ಕೂತು, ಏನೂ ಆಗಿಲ್ಲವೆಂಬ ಗತ್ತಿನಲ್ಲಿ, "ರೊಟ್ಟಿಗೆ ಕೆಂಪ ಚಟ್ನಿ ಹಾಕು," ಎಂದೆ.

ಗಂಗವ್ವ ನನ್ನ ಮುಖವನ್ನೇ ನೋಡಿದಳು. "ಮಾಯ್ತೇನ್ರಿ?"

ತುತ್ತು ಕೈಯಲ್ಲೇ ಉಳಿಯಿತು. "ನಿನಗ ಯಾರ ಹೇಳಿದ್ರು?"

"ಯಾರ್ ಹೇಳಬೇಕ್ರಿ? ನೀವು ಖಾರ ಬಿಟ್ಟ ದಿನಾನ ನಾನೂ ಬಿಟ್ಟೇನಿ. ನೀವಾಗೇ ಹೇಳ್ತೀರೇನಂತ ಕಾದೆ."

ಒಂದು ತಿಂಗಳಿಂದ ಸಪ್ಪೆ ಬೇಳೆ ಏಕೆ ಬರುತ್ತಿತ್ತೆಂದು ಆಗ ಗೊತ್ತಾಯಿತು. ನನ್ನ ಗುಟ್ಟನ್ನು ನನಗಿಂತ ಜೋಪಾನವಾಗಿ ಅವಳು ಕಾಪಾಡಿದ್ದಳು. ಚಟ್ನಿಯನ್ನು ನನಗೆ ಹಾಕಿ, ಆಮೇಲೆ ತನಗೂ ಹಾಕಿಕೊಂಡಳು. ಇಬ್ಬರ ಕಣ್ಣಲ್ಲೂ ನೀರು ಬಂತು; ಇಬ್ಬರೂ ಮೆಣಸಿನಕಾಯಿಯನ್ನೇ ಬೈದೆವು.

ಮರುದಿನ ಕತ್ತರಿಗೆ ದಾರ ಕಟ್ಟಿ ನನ್ನ ಕೊರಳಿಗೆ ಹಾಕಿದಳು. ಹೆಂಡತಿಯಿಂದ ತಾಳಿ ಕಟ್ಟಿಸಿಕೊಂಡ ಗಂಡಸು ಊರಿಗೆಲ್ಲ ನಾನೊಬ್ಬನೇ.